ಕಂಬಳಿಯೊಳಗಿನ ಹಾಡು

ಚಪ್ಪಾಳೆಯ ಸದ್ದು ಕೇಳಿ ಅವಳ ಕೈಯಲ್ಲಿದ್ದ ನೀರಿನ ಲೋಟ ತುಳುಕಿತು.

ಅಪ್ಪ ಮಲಗಿದ್ದ ಕೋಣೆಯಿಂದಲೇ ಬರುತ್ತಿತ್ತು ಆ ಸದ್ದು. ಒಂದು ಚಪ್ಪಾಳೆ... ಸ್ವಲ್ಪ ಹೊತ್ತು ಮೌನ... ಮತ್ತೆ ಇನ್ನೊಂದು.

ಅಪ್ಪನಿಗೆ ಕೈ ಎತ್ತುವುದೇ ಕಷ್ಟ. ಹಾಗಿದ್ದರೆ ಯಾರು?

ಓಡಿ ಬಂದು ಬಾಗಿಲು ತಳ್ಳಿದಳು. ಗುರುತಿಲ್ಲದ ಗಂಡಸೊಬ್ಬ ಕೋಣೆಯ ನಟ್ಟನಡುವೆ ನಿಂತು, ಕಣ್ಣು ಮುಚ್ಚಿ, ತಲೆ ಓರೆ ಮಾಡಿಕೊಂಡು ಚಪ್ಪಾಳೆ ತಟ್ಟುತ್ತಿದ್ದ. ಒಂದು ಸಲ ಕಿಟಕಿಯ ಕಡೆಗೆ, ಒಂದು ಸಲ ಬೀರುವಿನ ಕಡೆಗೆ, ಒಂದು ಸಲ ಅಪ್ಪನ ತಲೆಯ ಮೇಲಿನ ಗೋಡೆಗೆ. ಅವನ ಅಂಗಿಯ ತೋಳಿಗೆ ಮರದ ಪುಡಿ ಅಂಟಿತ್ತು. ಬಾಗಿಲ ಬಳಿ ಬಟ್ಟೆ ಸುತ್ತಿದ ಎರಡು ಪೆಟ್ಟಿಗೆಗಳೂ ಎರಡು ಮರದ ಸ್ಟ್ಯಾಂಡುಗಳೂ ಇದ್ದವು.

"ಯಾರ್ರೀ ನೀವು?" ಅವಳ ದನಿ ಏರಿತು. "ಹುಷಾರಿಲ್ಲದವರು ಮಲಗಿರೋ ಕಡೆ ಇದೇನು ಚಪ್ಪಾಳೆ?"

ಅವನು ಕಣ್ಣು ಬಿಟ್ಟ. ಬೆಚ್ಚಲಿಲ್ಲ, ನಾಚಲೂ ಇಲ್ಲ. ಒಂದು ಗಳಿಗೆ ಅವಳನ್ನೇ ನೋಡಿದ. ಆ ನೋಟಕ್ಕೆ ಅವಳ ಸಿಟ್ಟು ಯಾಕೋ ಅರ್ಧಕ್ಕೇ ನಿಂತಿತು.

"ರೂಮನ್ನ ಕೇಳಿಸ್ಕೊಳ್ತಿದ್ದೆ," ಅಂದ.

"ಏನಂತು ರೂಮು?"

"ಸ್ವಲ್ಪ ಬಾಯಿಬಡುಕಿ. ಆ ಮೂಲೆ ಇದೆಯಲ್ಲ, ಹೇಳಿದ್ದನ್ನೆಲ್ಲ ತಿರುಗಿ ಹೇಳ್ತಿದೆ. ಅಲ್ಲಿಗೊಂದು ದಪ್ಪ ಪರದೆ ಹಾಕ್ಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ, ಆಗಲೇ ರೂಮಿನ ಮೇಲೆ ದೂರು."

ಮಂಚದಿಂದ ನಗು ಕೇಳಿಸಿತು. ಕೆಮ್ಮು ಬೆರೆತ ಸಣ್ಣ ನಗು. ಅಪ್ಪ ನಕ್ಕು ಎಷ್ಟು ಕಾಲವಾಗಿತ್ತು!

"ನಾನೇ ಬರಹೇಳಿದ್ದು ಕಣಮ್ಮ," ಅಂದರು ಅಪ್ಪ. "ಬಾಗಿಲು ತೆಗೆದೇ ಇತ್ತು, ಒಳಗೆ ಕರೆದೆ. ಸ್ಪೀಕರ್ ಮಾಡೋನು. ಪೆಟ್ಟಿಗೆರಾಯ ಅಂತ ಕರಿ."

ಅಪ್ಪ ಇಟ್ಟ ಅಡ್ಡಹೆಸರನ್ನು ಬಿಡಿಸಿಕೊಂಡವರು ಈವರೆಗೆ ಯಾರೂ ಇಲ್ಲ. ಅವನೂ ಸುಮ್ಮನೆ ತಲೆಯಾಡಿಸಿ ಪೆಟ್ಟಿಗೆ ಬಿಚ್ಚತೊಡಗಿದ.

ಅಪ್ಪ ಜೀವಮಾನವೆಲ್ಲ ಸಿನಿಮಾ ಥಿಯೇಟರಿನಲ್ಲಿ ಆಪರೇಟರ್ ಆಗಿದ್ದವರು. ಊರಿಗೆ ಊರೇ ಕುಳಿತು ಕೇಳಿದ ಹಾಡುಗಳನ್ನು ಅವರು ಮಾತ್ರ ಪ್ರೊಜೆಕ್ಟರ್ ರೂಮಿನ ಗೋಡೆಗೆ ನೇತುಹಾಕಿದ್ದ ಪುಟ್ಟ ಡಬ್ಬಿ ಸ್ಪೀಕರಿನಲ್ಲಿ, ಮಷಿನ್ನಿನ ಗದ್ದಲದ ನಡುವೆ ಕೇಳಿದ್ದರು. ಬೇರೆಯವರಿಗೆ ಸದ್ದು ಸರಿಯಾಗಿ ಹೋಗುತ್ತಿದೆಯೇ ಎಂದು ನೋಡುವುದೇ ಅವರ ಕೆಲಸವಾಗಿತ್ತು.

ಈಗ ಶ್ವಾಸಕೋಶ ಕೈಕೊಟ್ಟಿತ್ತು. "ಇನ್ನು ಮನೇಲೇ ಚೆನ್ನಾಗಿ ನೋಡ್ಕೊಳ್ಳಿ" ಎಂದು ಡಾಕ್ಟರು ಹೇಳಿದಾಗ ಆ ಮಾತಿನ ಅರ್ಥ ಅಪ್ಪನಿಗೂ ಮಗಳಿಗೂ ಆಗಿತ್ತು. ಇಬ್ಬರೂ ಅರ್ಥವಾಗದವರಂತೆ ಇದ್ದರು. ಅಮ್ಮ ಅವಳ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರಿಂದ ಅಪ್ಪನಿಗೆ ಅವಳು, ಅವಳಿಗೆ ಅಪ್ಪ. ಮನೆಗೆ ಬಂದ ಮೇಲೆ ಅಪ್ಪ ಬಾಯಿಬಿಟ್ಟು ಕೇಳಿದ್ದು ಒಂದನ್ನೇ.

"ಹೋಗೋದ್ರೊಳಗೆ ಥಿಯೇಟರಿನೊಳಗೆ ಕೂತೋರ ಹಾಗೆ ಹಾಡು ಕೇಳ್ಬೇಕು ಕಣಮ್ಮ."

ಅದಕ್ಕೇ ಈ ಪೆಟ್ಟಿಗೆಗಳು. ತೋಳಿನಲ್ಲಿ ಎತ್ತಿಕೊಳ್ಳಬಹುದಾದಷ್ಟು ಗಾತ್ರ, ಪುಸ್ತಕದ ಕಪಾಟಿನ ಮೇಲೆ ಕೂರುವಂಥವು. ಮುಂದೆ ಎರಡು ಕಣ್ಣು: ಮೇಲೆ ಪುಟ್ಟದು, ಏರುದನಿಗೆ, ಕೆಳಗೆ ದೊಡ್ಡದು, ತಗ್ಗುದನಿಗೆ. ಹಿಂದೆ ಗಾಳಿಯಾಡಲು ಒಂದು ತೂತು. ಪೆಟ್ಟಿಗೆರಾಯ ಅದರ ಪಕ್ಕಕ್ಕೆ ಕಲ್ಲಂಗಡಿ ತಟ್ಟಿ ನೋಡುವವನಂತೆ ಗೆಣ್ಣಿನಿಂದ ತಟ್ಟಿದ. ಟಪ್ ಎಂದಿತು, ಅಷ್ಟೇ.

"ಪೆಟ್ಟಿಗೆ ಹಾಡಬಾರದು," ಅಂದ. "ಅದು ಹಾಡೋಕೆ ಶುರು ಮಾಡಿದ್ರೆ ಹಾಡು ಕೆಡುತ್ತೆ. ಅದಕ್ಕೇ ನಮ್ಮಕ್ಕ ಒಳಗೆ ಅಡ್ಡಪಟ್ಟಿ ಹಾಕಿ, ಉಣ್ಣೆ ತುಂಬಿ ಬಾಯಿ ಕಟ್ಟಿದ್ದಾಳೆ. ಪೆಟ್ಟಿಗೆ ಅಕ್ಕಂದು, ದನಿ ನಂದು."

"ನೀವು ಮಾತ್ರ ಇಷ್ಟು ಮಾತಾಡ್ಬಹುದು, ಅಲ್ವಾ?" ಅಂದಳು ಅವಳು.

ಅವನು ಮೊದಲ ಸಲ ನಕ್ಕ. ನೀರು ಕೇಳಿದ. ಅವಳು ತರಲು ಹೋದಳು. ಬರುವಷ್ಟರಲ್ಲಿ ಸ್ಟ್ಯಾಂಡುಗಳ ಮೇಲೆ ಪೆಟ್ಟಿಗೆಗಳು ಕುಳಿತಿದ್ದವು. ಸ್ಟ್ಯಾಂಡಿನ ಪಾದದ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿತ್ತು. ಅಪ್ಪ ಮತ್ತು ಅವನು ಏನೋ ಗುಟ್ಟು ಮಾತಾಡಿ ಮುಗಿಸಿದವರಂತೆ ಸುಮ್ಮನಿದ್ದರು.

ಅವಳು ತನ್ನ ಎಂದಿನ ಜಾಗದಲ್ಲಿ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತಳು.

ಅವನು ಹಾಕಿದ್ದು ಹಳೆಯ ಕೊಳಲಿನ ರಾಗ. ಅಪ್ಪನ ಥಿಯೇಟರಿನಲ್ಲಿ ಆಟ ಶುರುವಾಗುವ ಮುಂಚೆ, ಪರದೆ ಸರಿಯುವಾಗ ಹಾಕುತ್ತಿದ್ದ ರಾಗ. ಸ್ವರ ಹೊರಡುವ ಮೊದಲು ಕೊಳಲು ಊದುವವನು ಉಸಿರೆಳೆದುಕೊಂಡದ್ದು ಕೂಡ ಕೇಳಿಸಿತು. ಅವನು ಅಲ್ಲೇ, ಎರಡು ಪೆಟ್ಟಿಗೆಗಳ ನಡುವೆ, ಬರಿಯ ಗಾಳಿಯಲ್ಲಿ ಕುಳಿತಿದ್ದಂತಿತ್ತು. ಅವಳ ಕಣ್ಣು ತುಂಬಿಬಂತು. ತಿರುಗಿ ನೋಡಿದರೆ ಅಪ್ಪ ಕೊಳಲಿನ ಕಡೆ ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದರು.

"ಹೇಗಿದೆ ಅಪ್ಪಾ?"

"ಪರವಾಗಿಲ್ಲ," ಅಂದರು ಅಪ್ಪ. "ಆದ್ರೆ ತಗ್ಗುದನಿ ಸ್ವಲ್ಪ ಸಾಲದು. ಪೆಟ್ಟಿಗೆರಾಯ, ಇನ್ನೊಂದ್ಸಲ ಬಂದು ನೋಡಪ್ಪಾ."

ಹೀಗೆ ಶುರುವಾಯಿತು ಆ ದೂರುಗಳ ಮೆರವಣಿಗೆ.

ತಗ್ಗುದನಿ ಸರಿಮಾಡಿದರೆ ಏರುದನಿ ಚುಚ್ಚುತ್ತದೆ ಅಂದರು. ಅದನ್ನು ಇಳಿಸಿದರೆ ಹಾಡುವವರ ಬಾಯಿಗೆ ಬಟ್ಟೆ ತುರುಕಿದ ಹಾಗಿದೆ ಅಂದರು. ಎಡಗಡೆಯದು ಮುನಿಸಿಕೊಂಡಿದೆ ಅಂದರು. ಪೆಟ್ಟಿಗೆರಾಯ ಒಂದಕ್ಕೂ ಎದುರಾಡಲಿಲ್ಲ. ಪ್ರತಿ ಸಲ ಬೆಸುಗೆ ಕಡ್ಡಿ, ಸ್ಕ್ರೂಡ್ರೈವರ್ ಹಿಡಿದು ಬಂದ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಪೆಟ್ಟಿಗೆಯ ಬೆನ್ನು ಬಿಚ್ಚಿದ.

"ಇವರಿಗೆ ಕೆಲಸ ಬರುತ್ತಾ ಇಲ್ವಾ ಅಪ್ಪಾ?" ಎಂದು ಅವಳು ಒಮ್ಮೆ ಅವನೆದುರಿಗೇ ಕೇಳಿದಳು.

"ಬರುತ್ತೆ ಕಣಮ್ಮ. ನಿಧಾನ."

ಅವಳದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಒಂದೇ ಮಂತ್ರ: "ಈ ಗಾಜು ಚೆನ್ನಾಗಿದೆಯಾ, ಆ ಗಾಜಾ?" ಒಂದು ಸಂಜೆ ಅವಳು ಕುರ್ಚಿಯಲ್ಲಿ ಕುಳಿತಿದ್ದಾಗ ಪೆಟ್ಟಿಗೆರಾಯ ಒಂದೇ ಹಾಡನ್ನು ಎರಡು ಬಗೆಯಾಗಿ ಹಾಕಿ ಕೇಳಿದ, "ಇದು ಚೆನ್ನಾಗಿದೆಯಾ, ಅದಾ?"

ಅವಳು ಬಿದ್ದು ಬಿದ್ದು ನಕ್ಕಳು. ಅವನಿಗೆ ಅರ್ಥವಾಗಲಿಲ್ಲ. ಅಪ್ಪ ಬಿಡಿಸಿ ಹೇಳಿದಾಗ ಅವನೂ ನಕ್ಕ.

"ಹಾಗಾದ್ರೆ ಕನ್ನಡಕದ ಮೇಡಂಗೆ ಸುಳ್ಳು ಹೇಳೋಕಾಗಲ್ಲ," ಅಂದ.

"ಜನ ಹೇಳ್ತಾರೆ. ಕಾಣದಿದ್ರೂ ಕಾಣುತ್ತೆ ಅಂತಾರೆ, ಮರ್ಯಾದೆಗೆ. ನನಗೆ ಗೊತ್ತಾಗಿಬಿಡುತ್ತೆ."

"ಸರಿ, ನೀವು ಹೇಳಿ. ಇದಾ, ಅದಾ?"

ಎರಡನೆಯದು ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು. ಕುರುಡರಿಗೂ ಕಾಣುವಷ್ಟು, ಕಿವುಡರಿಗೂ ಕೇಳುವಷ್ಟು ಚೆನ್ನಾಗಿತ್ತು. ಅದನ್ನು ಹೇಳಿದರೆ ಕೆಲಸ ಮುಗಿಯುತ್ತದೆ. ಕೆಲಸ ಮುಗಿದರೆ ಅವನು ಸಾಮಾನು ಕಟ್ಟಿಕೊಂಡು ಹೋಗುತ್ತಾನೆ.

"ಗೊತ್ತಾಗ್ತಿಲ್ಲ," ಅಂದಳು ಅವಳು ಸೆರಗಿನ ಅಂಚು ತಿರುವುತ್ತ. "ಇನ್ನೊಂದ್ಸಲ ಬಂದು ಹಾಕಿ."

ಅವನು ತಲೆಯಾಡಿಸಿದ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೆಮ್ಮಿದರು. ಕೆಮ್ಮೋ, ನಗುವೋ... ಹೇಳುವುದು ಕಷ್ಟ.

*

ಸುಖಕ್ಕೆ ಕಣ್ಣು ತಾಗದೆ ಇರುತ್ತದೆಯೇ?

ಅಪ್ಪ ಸೊರಗುತ್ತ ಬಂದರು. ಮಾತು ಕಡಿಮೆಯಾಯಿತು, ಮಾತಿಗೆ ಮಾತಿಗೆ ಉಸಿರು ಹುಡುಕಬೇಕಾಯಿತು. ಅಂಥದೊಂದು ದಿನ ಅವಳು ಅಂಗಡಿಯಿಂದ ಬಂದರೆ ಸ್ಟ್ಯಾಂಡುಗಳು ಖಾಲಿ ನಿಂತಿದ್ದವು.

"ಪೆಟ್ಟಿಗೆ ಎಲ್ಲಪ್ಪಾ?"

"ತಗೊಂಡ್ಹೋದ... ತರ್ತಾನೆ."

ಅವಳು ಫೋನ್ ಮಾಡಿದಳು.

"ಕೆಳಗಿನ ದೊಡ್ಡ ಕಣ್ಣಿನ ಕೋನ್, ಅದೇ ಅದುರಿ ದನಿ ಹೊರಡಿಸೋ ಕಾಗದದ ಬಟ್ಟಲು, ಎರಡನ್ನೂ ಹೊಸದು ಹಾಕಿದ್ದೀನಿ," ಅಂದ ಪೆಟ್ಟಿಗೆರಾಯ. "ಹೊಸದು ಬಿಗಿಯಾಗಿರುತ್ತೆ, ಪಳಗಬೇಕು. ಹಗಲೂ ರಾತ್ರಿ ಹಾಡಿಸ್ತಾನೇ ಇದ್ದೀನಿ. ಇನ್ನೇನು ತಂದುಬಿಡ್ತೀನಿ."

ಅಪ್ಪ ದಿನಾ ಕೇಳುತ್ತಿದ್ದರು, "ಬಂತಾ?" ಅವಳು ದಿನಾ ಹೇಳುತ್ತಿದ್ದಳು, "ಬರುತ್ತೆ." ಫೋನಿನಲ್ಲೇ ಆ ಕೊಳಲಿನ ರಾಗ ಹಾಕಿ ಕಿವಿಯ ಬಳಿ ಹಿಡಿದರೆ ಅಪ್ಪ ಕೈಯಿಂದ ಸರಿಸಿದರು. "ಬೇಡ ಕಂದಾ. ಪ್ರೊಜೆಕ್ಟರ್ ರೂಮಿನ ಡಬ್ಬಿ ಥರಾನೇ ಇದೆ."

ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ, ಪಕ್ಕದ ಮನೆಯಾಕೆಯನ್ನು ಅಪ್ಪನ ಬಳಿ ಕೂರಿಸಿ, ಅವಳೇ ವರ್ಕ್‌ಶಾಪಿಗೆ ಹೋದಳು.

ಟೈರ್ ಅಂಗಡಿಯ ಹಿಂದಿನ ಓಣಿ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅಂಟಿನ ವಾಸನೆ, ಹಲಗೆಗಳ ರಾಶಿ, ಮೂಲೆಯಲ್ಲಿ ಉಣ್ಣೆಯ ಮೂಟೆ. ಮೇಜಿನ ಮೇಲೆ ಅವರ ಮನೆಯ ಪೆಟ್ಟಿಗೆಗಳು! ತುದಿಯಲ್ಲಿ ಸ್ವಲ್ಪ ತಿರುಚಿಕೊಂಡಿದ್ದ ಆ ಮರದ ಗೆರೆ ಅವಳಿಗೆ ಬಾಯಿಪಾಠವಾಗಿತ್ತು. ಎರಡನ್ನೂ ಮುಖಕ್ಕೆ ಮುಖ ಒತ್ತಿ ನಿಲ್ಲಿಸಿ, ಮೇಲೆ ಒಂದು ದಪ್ಪ ಕಂಬಳಿ ಹೊದಿಸಲಾಗಿತ್ತು.

ಸದ್ದಿಲ್ಲ. ಹಾಡಿಲ್ಲ. ಹೊರಗೆ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದ ಸದ್ದು ಬಿಟ್ಟರೆ ಏನೂ ಇಲ್ಲ.

'ಹಗಲೂ ರಾತ್ರಿ ಹಾಡಿಸ್ತಿದ್ದಾನಂತೆ... ಹೊದಿಸಿ ಮಲಗಿಸಿದ್ದಾನೆ! ಅಲ್ಲಿ ಅಪ್ಪ ದಾರಿ ನೋಡ್ತಿದ್ದಾರೆ, ಇಲ್ಲಿ ಇವನು...'

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವ ಹುಡುಗಿ ಅವತ್ತು ತನ್ನ ಕಣ್ಣನ್ನೇ ನಂಬಿ ಕೆಟ್ಟಳು. ಕಂಬಳಿಯ ಒಂದು ತುದಿ ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆಯ ಫೋನ್ ಬಂತು.

"ಬೇಗ ಬಾಮ್ಮ..."

ಅವಳು ಮನೆ ಸೇರಿದಾಗ ಅಪ್ಪನ ಕಣ್ಣು ಬಾಗಿಲ ಮೇಲೇ ಇತ್ತು.

"ಬಂತಾ?"

ಅವಳು ಏನು ಹೇಳಿಯಾಳು? ಅವರ ಕೈ ಹಿಡಿದುಕೊಂಡು ತಾನೇ ಆ ರಾಗವನ್ನು ಗುನುಗಲು ನೋಡಿದಳು. ಎರಡನೆಯ ಸಾಲಿಗೇ ರಾಗ ತಪ್ಪಿತು. ಅಪ್ಪ "ಸಾಕು ಬಿಡು" ಎಂಬಂತೆ ಅವಳ ಬೆರಳನ್ನು ಒತ್ತಿದರು. ಬಿಸಿಲು ಕಿಟಕಿಯಿಂದ ಜಾರುವ ಮೊದಲೇ ಆ ಬೆರಳುಗಳು ಸಡಿಲವಾದವು. ಕೋಣೆಯಲ್ಲಿ ಒಂದು ಸದ್ದೂ ಇರಲಿಲ್ಲ. ಎದೆಯ ಗೊರಗೊರ ಕೂಡ ನಿಂತುಹೋಗಿತ್ತು.

ಸಂಜೆ ಪೆಟ್ಟಿಗೆರಾಯ ಬಂದ. ಎರಡು ಪೆಟ್ಟಿಗೆಗಳನ್ನೂ ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದವನು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳ ರಾಶಿ ನೋಡಿಯೇ ನಿಂತುಬಿಟ್ಟ.

ಅವಳು ಎದ್ದು ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು.

"ಇನ್ನು ಯಾರಿಗೆ ತಂದ್ರಿ?"

ಅವನು ಪೆಟ್ಟಿಗೆಗಳನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ.

"ಹಾಡಿಸ್ತಿದ್ದೀನಿ ಅಂದ್ರಿ. ನಾನೇ ಬಂದು ನೋಡಿದೆ. ಹೊದಿಸಿ ಮಲಗಿಸಿದ್ರಿ ಅವನ್ನ. ನಮ್ಮಪ್ಪ ಕೊನೆಗಾಲದಲ್ಲಿ ಒಂದು ಹಾಡಿಲ್ಲದೆ ಹೋದ್ರು. ನಿಮ್ಮ ಸುಳ್ಳಿನಿಂದ ಹೋದ್ರು. ತಗೊಂಡು ಹೋಗಿ. ಇನ್ನು ಈ ಮೆಟ್ಟಿಲು ಹತ್ತಬೇಡಿ."

ಅವನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. "ಹೌದು," ಅಂದ, ಅಷ್ಟೇ. ತಿರುಗಿ ಮೆಟ್ಟಿಲಿಳಿದು ಹೋದ.

ಆ "ಹೌದು" ಅವಳನ್ನು ಇನ್ನಷ್ಟು ಸುಟ್ಟಿತು.

*

ದಿನಗಳು ಹೇಗೋ ಕಳೆದವು. ಮಂಚ ಬಿಚ್ಚಿ ಯಾರಿಗೋ ಕೊಟ್ಟಳು. ಹಾಸಿಗೆ, ದಿಂಬು, ಔಷಧಿಯ ಮೇಜು, ಎಲ್ಲವೂ ಹೋದವು. ನೆಲ ಒರೆಸುವಾಗ ಸೀಮೆಸುಣ್ಣದ ಆ ಗೆರೆಗಳ ಸುತ್ತ ಮಾತ್ರ ಒರೆಸಿ ಬಿಡುತ್ತಿದ್ದಳು. ಯಾಕೆ ಅಂತ ಅವಳನ್ನೇ ಕೇಳಿದ್ದರೂ ಹೇಳುತ್ತಿರಲಿಲ್ಲ. ಸಂಜೆ ಬೆತ್ತದ ಕುರ್ಚಿಯಲ್ಲಿ ಕುಳಿತರೆ ಮನೆಯ ಮೌನ ಕಿವಿಗೆ ಬಡಿಯುತ್ತಿತ್ತು. ಅಪ್ಪನ ನೆನಪಿಗೆ ಅಳುತ್ತಿದ್ದಳು. ಅಳುವಿನ ನಡುವೆ ಮರದ ಪುಡಿ ಅಂಟಿದ ತೋಳೊಂದು ನೆನಪಾಗಿ, ತನ್ನ ಮೇಲೇ ಹೇಸಿಗೆಪಟ್ಟುಕೊಳ್ಳುತ್ತಿದ್ದಳು.

'ಅಪ್ಪನನ್ನ ಕಾಯಿಸಿ ಕೊಂದವನು. ಅವನ ನೆನಪು ಯಾಕೆ ಬರುತ್ತೆ?'

ಒಂದು ದಿನ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಗಟ್ಟಿ ಮೈಕಟ್ಟು, ಉಗುರಿನ ಸಂದಿಯಲ್ಲಿ ಒಣಗಿದ ಅಂಟು.

"ಹತ್ತಿರದ್ದು ಕಾಣಲ್ಲಮ್ಮ. ದೂರದ್ದೂ ಕಾಣಲ್ಲ."

ಪರೀಕ್ಷೆ ಶುರುವಾಯಿತು. ದೊಡ್ಡ ಅಕ್ಷರ ತೋರಿಸಿದರೆ ಕಾಣಲ್ಲ ಅಂದಳು. ಅತಿ ಸಣ್ಣದು ತೋರಿಸಿದರೆ ಗಿಣಿಪಾಠದಂತೆ ಓದಿ, ತಕ್ಷಣ ನಾಲಿಗೆ ಕಚ್ಚಿಕೊಂಡಳು. ಗಾಜು ಹಾಕಿದರೂ ಮಸುಕು, ಬರಿ ಚೌಕಟ್ಟು ಹಾಕಿದರೂ ಮಸುಕು.

"ಅಕ್ಕಾ, ನಿಮ್ಮ ಕಣ್ಣು ಹದ್ದಿನ ಕಣ್ಣು. ಯಾಕೆ ಸುಳ್ಳು ಹೇಳ್ತಿದ್ದೀರಾ?"

ಆಕೆ ಚೌಕಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ನಿನ್ನ ಹತ್ತಿರ ಸ್ವಲ್ಪ ಹೊತ್ತು ಕೂರೋಕೆ ಬೇರೆ ದಾರಿ ಗೊತ್ತಾಗಲಿಲ್ಲ ತಂಗಿ. ನಾನು ಪೆಟ್ಟಿಗೆ ಮಾಡೋಳು. ಅವನ ಅಕ್ಕ."

ಅವಳ ಕೈಯಲ್ಲಿದ್ದ ಗಾಜು ಟ್ರೇಯೊಳಗೆ ಬಿತ್ತು.

"ನಿಮ್ಮ ತಮ್ಮನ ವಿಷಯ ನನಗೆ ಬೇಡ ಅಕ್ಕಾ."

"ಬೇಡದಿದ್ರೆ ಬೇಡ. ಪೆಟ್ಟಿಗೆ ವಿಷಯ ಹೇಳ್ತೀನಿ, ಅದು ನಂದು. ನಿಮ್ಮನೆ ಜೋಡಿ ಇನ್ನೂ ನನ್ನ ಮೇಜಿನ ಮೇಲಿದೆ. ಅವತ್ತಿಂದ ಹಾಡ್ತಾನೇ ಇದೆ. ಹೊಸ ಕೆಲಸಕ್ಕೆ ಮೇಜು ಬಿಟ್ಟುಕೊಡು ಅಂದ್ರೆ 'ಇನ್ನೂ ಪಳಗಿಲ್ಲ' ಅಂತಾನೆ. ಊಟ ಬಿಟ್ಟಿದ್ದಾನೆ, ಅದನ್ನ ಮಾತ್ರ ಬಿಡಲ್ಲ."

"ಹಾಡ್ತಿದೆಯಾ?" ಅವಳ ದನಿ ಕಹಿಯಾಯಿತು. "ನಾನೂ ನೋಡಿದ್ದೀನಿ ಅಕ್ಕಾ. ಕಂಬಳಿ ಹೊದ್ದು ಮಲಗಿತ್ತು. ಪಿಟ್ ಅಂತಿರಲಿಲ್ಲ."

"ಪಿಟ್ ಅನ್ನಬಾರದು ಅಂತಲೇ ಹಾಗಿಡೋದು." ಅಕ್ಕ ಎರಡು ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದಳು. "ಪಳಗಿಸೋಕೆ ಜೋರಾಗಿ ಹಾಡಿಸ್ಬೇಕು. ಓಣಿಯವರು ಸುಮ್ಮನಿರ್ತಾರಾ? ಅದಕ್ಕೇ ಒಂದಕ್ಕೆ ತಂತಿ ಅದಲುಬದಲು ಮಾಡಿ, ಮುಖಕ್ಕೆ ಮುಖ ಇಡೋದು. ಇದು ಮುಂದಕ್ಕೆ ತಳ್ಳಿದ್ರೆ ಅದು ಹಿಂದಕ್ಕೆ ಎಳೆಯುತ್ತೆ. ಇದರ ದನಿ ಅದು ನುಂಗುತ್ತೆ, ಅದರ ದನಿ ಇದು. ಮೇಲೊಂದು ಕಂಬಳಿ ಹೊದಿಸಿದ್ರೆ ಪಕ್ಕದಲ್ಲಿ ನಿಂತೋರಿಗೂ ಗೊತ್ತಾಗಲ್ಲ. ಆದ್ರೆ ಎರಡೂ ಜೀವ ತೇದು ಹಾಡ್ತಿರ್ತವೆ."

ಅವಳು ಅಕ್ಕನ ಎದುರುಬದುರು ಅಂಗೈಗಳನ್ನೇ ನೋಡಿದಳು.

"ಮತ್ತೆ ಅವತ್ತು... ಯಾಕೆ ಹೇಳಲಿಲ್ಲ? ನಾನು ಅಷ್ಟು ಅಂದಾಗ 'ಹೌದು' ಅಂದ್ರು."

"ಅದನ್ನ ಅವನನ್ನೇ ಕೇಳು. ನಾನು ಕೇಳಿ ಸೋತೆ." ಅಕ್ಕ ಎದ್ದಳು. "ಕನ್ನಡಕ ಬೇಡ ಅಲ್ವಾ ನಂಗೆ?"

"ಬೇಡ ಅಕ್ಕಾ."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅದೇ ಗಾದೆಯನ್ನು ಮನಸ್ಸಿನಲ್ಲಿ ತಿರುವುತ್ತ ಅವಳು ಅಕ್ಕನ ಹಿಂದೆಯೇ ಹೊರಟಳು.

ವರ್ಕ್‌ಶಾಪಿನಲ್ಲಿ ಅದೇ ಮೇಜು, ಅದೇ ಕಂಬಳಿ. ಅಕ್ಕ ಬಾಗಿಲಲ್ಲೇ ನಿಂತಳು.

ಅವಳು ಕಂಬಳಿಯೊಳಗೆ ಕೈ ತೂರಿಸಿದಳು. ಪೆಟ್ಟಿಗೆಯ ಮರ ಬೆಚ್ಚಗಿತ್ತು. ಹಿಂಬದಿಯ ತೂತಿನ ಹತ್ತಿರ ಬೆರಳು ಹಿಡಿದರೆ ಗಾಳಿ ಒಳಗೆ ಹೊರಗೆ ಆಡುತ್ತಿತ್ತು. ಅಪ್ಪ ಮಲಗಿದ್ದಾಗ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದ ಹಾಗೆ... ಉಸಿರಿದೆಯಾ, ಇದೆ.

ಕಂಬಳಿ ಎಳೆದು, ಒಂದು ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ತನ್ನ ಕಡೆಗೆ ತಿರುಗಿಸಿದಳು.

ಕೊಳಲು ಒಮ್ಮೆಲೇ ಕೋಣೆ ತುಂಬಿತು. ಅಪ್ಪನ ರಾಗ. ಅವತ್ತಿಂದ, ಅವಳು ಬಂದು ನಿಂತು ತಿರುಗಿ ಹೋದ ಆ ಮಧ್ಯಾಹ್ನವೂ ಸೇರಿ, ಇಲ್ಲಿ ಇದೇ ಹಾಡು ನಡೆಯುತ್ತಿತ್ತು. ಅವಳು ಮೇಜಿನ ಪಕ್ಕ ನೆಲದ ಮೇಲೇ ಕುಳಿತಳು. ಅವತ್ತು ಬಾಗಿಲಲ್ಲಿ ಬಾರದ ಅಳು ಈಗ ಬಂತು.

ಸದ್ದು ಕೇಳಿ ಹಿಂದಿನ ಕೋಣೆಯಿಂದ ಓಡಿ ಬಂದವನು ಅವಳನ್ನು ನೋಡಿ ಅಲ್ಲೇ ನಿಂತ. ಗಡ್ಡ ಬೆಳೆದಿತ್ತು. ಮುಖ ಬಾಡಿಹೋಗಿತ್ತು.

"ಮನೆಗೆ ತನ್ನಿ," ಅಂದಳು ಅವಳು ಅಳುತ್ತಲೇ. "ಅಪ್ಪ ಕೇಳ್ತಿದ್ರು, ಬಂತಾ ಅಂತ. ಬಂತು ಅಂತ ನಾನು ಹೇಳ್ಬೇಕು."

*

ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೋಣೆಯೊಳಗೆ ಕಾಲಿಟ್ಟು, ಅಭ್ಯಾಸಬಲದಿಂದ ಒಂದು ಚಪ್ಪಾಳೆ ತಟ್ಟಿದ.

ಕೋಣೆ ಠಣ್ ಎಂದಿತು. ಸದ್ದು ಗೋಡೆಯಿಂದ ಗೋಡೆಗೆ ಬಡಿದು, ನಿಲ್ಲಲು ಬಹಳ ಹೊತ್ತು ತೆಗೆದುಕೊಂಡಿತು.

ಇಬ್ಬರೂ ಮಂಚವಿದ್ದ ಜಾಗವನ್ನು ನೋಡಿದರು. ಹಾಸಿಗೆಯಿಲ್ಲ, ದಿಂಬಿಲ್ಲ, ಅಪ್ಪನ ಬಡಕಲು ಮೈಯಿಲ್ಲ. ಸದ್ದನ್ನು ಹೀರಿಕೊಳ್ಳುವಂಥದ್ದು ಆ ಕೋಣೆಯಲ್ಲಿ ಏನೂ ಉಳಿದಿರಲಿಲ್ಲ. ಅವನ ಕೈಗಳು ತಾವಾಗಿಯೇ ಕೆಳಗಿಳಿದವು.

"ರೂಮು ಏನಂತು?" ಅವಳು ಮೆಲ್ಲಗೆ ಕೇಳಿದಳು.

"ಅವರಿಲ್ಲ ಅಂತು."

ಅವನು ತಿರುಗಾಮುರುಗಾ ಹಾಕಿದ್ದ ತಂತಿಯನ್ನು ಸರಿಮಾಡಿದ. ಸೀಮೆಸುಣ್ಣದ ಗೆರೆಯೊಳಗೆ ಸ್ಟ್ಯಾಂಡ್ ನಿಲ್ಲಿಸಿದ. ಪೆಟ್ಟಿಗೆಗಳನ್ನು ಒಂದೊಂದು ಎಳೆಯಷ್ಟೇ ಒಳಗೆ ತಿರುಗಿಸಿದ. ಆಗ ಅವಳಿಗೆ ಕಂಡಿತು. ಎರಡೂ ಪೆಟ್ಟಿಗೆಗಳು ಮಂಚವಿದ್ದ ಕಡೆ ನೋಡುತ್ತಿರಲಿಲ್ಲ. ಅವಳ ಬೆತ್ತದ ಕುರ್ಚಿಯನ್ನು ನೋಡುತ್ತಿದ್ದವು. ಮೊದಲ ದಿನದಿಂದಲೂ.

"ಇದು ಅಪ್ಪನ ಕಡೆ ಇರ್ಬೇಕಿತ್ತಲ್ವಾ?"

"ನಾನೂ ಹಾಗೇ ಇಟ್ಟೆ ಮೊದಲು. ನೀವು ನೀರು ತರೋಕೆ ಹೋದಾಗ ಅವರು ತಿರುಗಿಸು ಅಂದ್ರು." ಅವನು ತಲೆಯೆತ್ತಲಿಲ್ಲ. "'ನಂಗೂ ಆಸೆ ಇದೆಯಪ್ಪಾ, ಇಲ್ಲ ಅನ್ನಲ್ಲ. ಆದ್ರೆ ನಾನು ಹೋದ್ಮೇಲೆ ಈ ಮನೆ ತುಂಬಾ ನಿಶ್ಶಬ್ದ ಆಗುತ್ತೆ. ಅವಳೊಬ್ಬಳೇ ಆ ಕುರ್ಚಿಯಲ್ಲಿ ಕೂತಿರ್ತಾಳೆ. ಅವಳಿಗೆ ಸರಿಯಾಗಿ ಕೇಳಬೇಕು' ಅಂದ್ರು."

ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು.

"ಮಂಚದಿಂದ ಅವರಿಗೆ ಎಡದ ದನಿ ಯಾವುದು ಬಲದ್ದು ಯಾವುದು ಅಂತಲೂ ಗೊತ್ತಾಗ್ತಿರಲಿಲ್ಲ," ಅವನು ಮುಂದುವರಿಸಿದ. "ಅವರು ಹೇಳಿದ ದೂರು ಒಂದೂ ಅಲ್ಲಿ ಮಲಗಿದ್ದೋರಿಗೆ ಕೇಳಿಸುವಂಥದ್ದಲ್ಲ. ನನ್ನನ್ನ ಮತ್ತೆ ಮತ್ತೆ ಕರೆಸೋಕೆ ಹೇಳ್ತಿದ್ರು. ಅದು ನನಗೆ ಎರಡನೇ ಸಲವೇ ಗೊತ್ತಾಗಿತ್ತು."

"ಗೊತ್ತಿದ್ದೂ ಬಂದ್ರಾ?"

"ಬಂದೆ. ನಿಮ್ಮನ್ನ ನೋಡೋಕೆ."

ಎಷ್ಟೋ ರಾತ್ರಿ ಅವಳು ಕೇಳಬೇಕೆಂದುಕೊಂಡಿದ್ದ ಮಾತು. ಈಗ ಕೇಳಿಸಿದಾಗ ಅದು ಸುಖಕ್ಕಿಂತ ಹೆಚ್ಚು ನೋವು ಕೊಟ್ಟಿತು. ಅವನ ಮಾತು ಇನ್ನೂ ಮುಗಿದಿರಲಿಲ್ಲ.

"ಕೊನೇ ಸಲ ಅವರು ದೂರು ಹೇಳಲೇ ಇಲ್ಲ. 'ಚೆನ್ನಾಗಿದೆ ಕಣಪ್ಪಾ, ಇಲ್ಲೇ ಇರಲಿ ಬಿಡು' ಅಂದ್ರು. ನನಗೆ ಭಯ ಆಯ್ತು. ದೂರಿಲ್ಲ ಅಂದ್ರೆ ಇನ್ನು ಈ ಮನೆಗೆ ಬರೋಕೆ ನೆಪ ಇಲ್ಲ. ನಾನೇ ಹೇಳ್ದೆ, 'ಇಲ್ಲ ಸಾರ್, ಕೋನ್ ಬದಲಾಯಿಸಿದ್ರೆ ಇನ್ನೂ ಚೆನ್ನಾಗಿರುತ್ತೆ' ಅಂತ. ಅವರು ನಕ್ಕು ಹೂಂ ಅಂದ್ರು. ಕಾಲ ಅಷ್ಟು ಹತ್ತಿರ ಬಂದಿದೆ ಅಂತ ತಿಳಿಯಲಿಲ್ಲ." ಅವನ ದನಿ ಒಡೆಯಿತು. "ಪೆಟ್ಟಿಗೆ ಹಾಡ್ತಾ ಇತ್ತು, ಅದು ಸುಳ್ಳಲ್ಲ. ಆದ್ರೆ ಅವರು ಹಾಡಿಲ್ಲದೆ ಹೋಗಿದ್ದು ನನ್ನ ಸುಳ್ಳಿನಿಂದಲೇ. ನೀವು ಅವತ್ತು ಸರಿಯಾಗೇ ಹೇಳಿದ್ರಿ. ಇನ್ನೇನು ಹೇಳಲಿ ನಾನು?"

ಅವಳು ಕಿಟಕಿಯ ಹತ್ತಿರ ಹೋಗಿ ನಿಂತಳು. ಕ್ಷಮಿಸುವುದು ಸುಲಭವೇ? ಅಪ್ಪನ ಆ "ಬಂತಾ?" ಅವಳ ಕಿವಿಯಿಂದ ಎಂದೂ ಹೋಗುವುದಿಲ್ಲ. ಅವನ ಕಿವಿಯಿಂದಲೂ ಹೋಗುವುದಿಲ್ಲ. ಆದರೆ ಆ ಮಾತನ್ನು ಹೊತ್ತಿರುವವರು ಜಗತ್ತಿನಲ್ಲಿ ಅವರಿಬ್ಬರೇ.

"ನೀವು ಒಂದ್ಸಲ ಎರಡು ಥರ ಹಾಕಿ ಕೇಳಿದ್ರಲ್ಲ, ಇದಾ ಅದಾ ಅಂತ," ಅಂದಳು ಕಿಟಕಿಯ ಕಡೆಗೇ ನೋಡುತ್ತ.

"ಹೂಂ. ಗೊತ್ತಾಗ್ತಿಲ್ಲ ಅಂದ್ರಿ."

"ಎರಡನೇದು. ಎರಡನೇದು ಚೆನ್ನಾಗಿತ್ತು. ಅವತ್ತೇ ಗೊತ್ತಾಗಿತ್ತು ನಂಗೆ." ಅವಳು ತಿರುಗಿದಳು. ಕೆನ್ನೆ ಒದ್ದೆಯಾಗಿತ್ತು. "ನಾನು ಅವತ್ತು ನಿಜ ಹೇಳಿದ್ದಿದ್ರೆ ಪೆಟ್ಟಿಗೆ ಈ ಮನೆ ಬಿಟ್ಟು ಹೋಗ್ತಾನೇ ಇರಲಿಲ್ಲ. ಮೂವರೂ ಸೇರಿ ಸುಳ್ಳು ಹೇಳಿದ್ದೀವಿ. ನೀವೊಬ್ಬರೇ ಹೊತ್ಕೊಂಡು ಕೂತ್ರೆ ಹೇಗೆ?"

ಅವನು ನೆಲದ ಮೇಲೆ ಕುಳಿತಲ್ಲೇ ಮುಖ ಮುಚ್ಚಿಕೊಂಡು ಅತ್ತ. ಅವಳು ಬಂದು ಪಕ್ಕದಲ್ಲಿ ಕುಳಿತಳು. ಅವನ ತೋಳಿಗೆ ಅಂಟಿದ್ದ ಮರದ ಪುಡಿಯನ್ನು ಬೆರಳಿನಿಂದ ಮೆಲ್ಲಗೆ ಒರೆಸಿದಳು.

"ಹಾಡು ಹಾಕಿ," ಅಂದಳು. "ಅಪ್ಪ ತಿರುಗಿಸಿಟ್ಟ ಜಾಗದಲ್ಲಿ ಕೂತು ಕೇಳ್ತೀನಿ."

ಅವಳು ಕುರ್ಚಿಯಲ್ಲಿ ಕುಳಿತಳು. ಅವನು ಮಂಚವಿದ್ದ ಜಾಗದಲ್ಲಿ, ಗೋಡೆಗೊರಗಿ ಕುಳಿತ. ಮೊದಲು ಉಸಿರು ಕೇಳಿಸಿತು, ಆಮೇಲೆ ಕೊಳಲು. ಖಾಲಿ ಕೋಣೆ ಅದನ್ನು ಸ್ವಲ್ಪ ಒರಟಾಗಿಯೇ ತಿರುಗಿ ಹೇಳಿತು. ಆದರೂ ಎರಡು ಪೆಟ್ಟಿಗೆಗಳ ನಡುವಿನ ಗಾಳಿಯಲ್ಲಿ ಯಾರೋ ಕುಳಿತಂತಿತ್ತು.

'ಬಂತಪ್ಪಾ,' ಅಂದಳು ಅವಳು ಮನಸ್ಸಿನಲ್ಲಿ. 'ಬಂತು.'

ರಾಗ ಮುಗಿಯಿತು. ಹೊರಗೆ ಕತ್ತಲಾಗುತ್ತಿತ್ತು. ಅವನು ಎದ್ದು, ತಂತಿ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡ. ಬಾಗಿಲವರೆಗೆ ಹೋಗಿ, ಹೋಗಲಾರದೆ ನಿಂತು ಕೇಳಿದ:

"ಹೇಗಿದೆ ಈಗ?"

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ಗೊತ್ತಾಗ್ತಿಲ್ಲ," ಅಂದಳು. "ನಾಳೆ ಇನ್ನೊಂದ್ಸಲ ಬಂದು ಹಾಕಿ."

"ನಾಳೆನೂ ಗೊತ್ತಾಗದಿದ್ರೆ?"

"ಆಗ ಇಲ್ಲೇ ಇದ್ದುಬಿಡಿ."